ಅರ್ಬುದವು ಕಳುಹುವ ಚೀಲಗಳು

ಊರು ಬೆಳೆಯಲು ನೀರಿನ ಕಾಲುವೆ ಬೇಕು. ಅರ್ಬುದದ ಗಂತಿ ಬೆಳೆಯಲು ರಕ್ತನಾಳ ಬೇಕು. ಹೊಸ ನಾಳಗಳಿಲ್ಲದೆ ಗಂತಿಯು ಕೆಲವೇ ಮಿಲಿಮೀಟರುಗಳಲ್ಲಿ ನಿಂತುಬಿಡುವುದೆಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದರು. ಹಾಗಾದರೆ ಗಂತಿಯು ನಾಳಗಳನ್ನು ಕರೆಯುವುದು ಹೇಗೆ? ತಾನು ಸ್ರವಿಸುವ ಪ್ರೋಟೀನುಗಳಿಂದ ಎಂಬುದನ್ನು ನಾವು ಬಲ್ಲೆವು. ಅವುಗಳಲ್ಲೊಂದನ್ನು ತಡೆಯುವ ಔಷಧವು 2004ರಿಂದ ಬಳಕೆಯಲ್ಲಿದ್ದರೂ, ಅನೇಕ ರೋಗಿಗಳಲ್ಲಿ ಗಂತಿ ಮತ್ತೆ ಬೆಳೆಯುತ್ತದೆ.

2008ರ ಪ್ರಯೋಗವೊಂದು ಬೇರೊಂದು ಮಾರ್ಗವನ್ನು ತೋರಿಸಿತು. ಮೆದುಳಿನ ಗ್ಲಿಯೋಬ್ಲಾಸ್ಟೋಮ ಕೋಶಗಳು ಹೊರಸೂಸಿದ ಪೊರೆಯ ಸೂಕ್ಷ್ಮ ಚೀಲಗಳು ಪ್ರೋಟೀನುಗಳನ್ನೂ ಆರ್‌ಎನ್‌ಎಯನ್ನೂ ಹೊತ್ತು, ರಕ್ತನಾಳದ ಒಳಪದರದ ಕೋಶಗಳನ್ನು ಹೊಕ್ಕು, ಅವು ನಾಳದಾಕಾರ ತಾಳುವಂತೆ ಪ್ರಚೋದಿಸಿದವು. ಆರೋಗ್ಯವಂತ ಕೋಶಗಳೂ ಇಂತಹ ಚೀಲಗಳನ್ನು ಕಳುಹುತ್ತವೆ. ಆದುದರಿಂದ ಎಲ್ಲವನ್ನೂ ತಡೆಯುವುದು ತರವಲ್ಲ. ಅರ್ಬುದದ ಚೀಲಗಳನ್ನು ಮಾತ್ರ ಗುರುತಿಸಿ ತಡೆಯುವುದೇ ಇಂದಿನ ಸಂಶೋಧನೆಯ ಗುರಿಗಳಲ್ಲೊಂದು.