ಕಾವಲು ಕ್ಯಾಮೆರಾಗಳೂ ಮುಕ್ತ ತಂತ್ರಾಂಶವೂ

ಅಂಗಡಿಯ ಬಾಗಿಲಲ್ಲಿಯೂ ವಸತಿಗೃಹದ ಮೆಟ್ಟಿಲಲ್ಲಿಯೂ ಇಂದು ಕಾಣುವ ಕಾವಲು ಕ್ಯಾಮೆರಾ ವಾಸ್ತವವಾಗಿ ಒಂದು ಚಿಕ್ಕ ಗಣಕಯಂತ್ರವೇ ಆಗಿದೆ. ಅದರ ಮಸೂರದ ಹಿಂದಿರುವ ಚಿಪ್ಪು, ನೆನಪಿನ ಕೋಶ, ಜಾಲಸಂಪರ್ಕ ಇವೆಲ್ಲವನ್ನೂ ನಡೆಸುವುದು ಆಪರೇಟಿಂಗ್ ಸಿಸ್ಟಂ ಎಂಬ ಮೂಲ ತಂತ್ರಾಂಶ. ಬಹಳಷ್ಟು ಕ್ಯಾಮೆರಾಗಳಲ್ಲಿ ಈ ಸ್ಥಾನ ಲಿನಕ್ಸಿನದು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಇದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ತಯಾರಕರು ಅದರ ಮೇಲೆ ತಮ್ಮ ಗುಪ್ತ ತಂತ್ರಾಂಶವನ್ನು ಕೂಡಿಸಿ ಮಾರುತ್ತಾರೆ. ಹೀಗಾಗಿ ಅಡಿಪಾಯ ಎಲ್ಲರಿಗೂ ತೆರೆದಿದ್ದರೂ ಮೇಲಿನ ಮನೆಗೆ ಬೀಗ ಬಿದ್ದಿರುತ್ತದೆ.

ಇದರ ಕೇಡು 2016ರಲ್ಲಿ ಬಯಲಾಯಿತು. ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಲ್ಲಿಯೇ ಇಟ್ಟಿದ್ದ ಸುಮಾರು 60 ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಲಕ್ಷಾಂತರ ಕ್ಯಾಮೆರಾ ಮೊದಲಾದ ಉಪಕರಣಗಳನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಅಂಥ ಅನೇಕ ಉಪಕರಣಗಳು ಅಮೆರಿಕದ ಡೈನ್ ಸಂಸ್ಥೆಯ ಮೇಲೆ ಒಮ್ಮೆಗೇ ಮುಗಿಬಿದ್ದುದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳು ಅನೇಕರಿಗೆ ದೊರೆಯದಾದವು. ಕೆಲವು ಉಪಕರಣಗಳಲ್ಲಿ ಆ ಪಾಸ್‌ವರ್ಡನ್ನು ಬದಲಿಸುವ ದಾರಿಯೇ ಒಡೆಯನಿಗೆ ಇರಲಿಲ್ಲವೆಂಬುದು ಗಮನಾರ್ಹ. ಹಣ ಕೊಟ್ಟು ಕೊಂಡವನಿಗೇ ತನ್ನ ಕಾವಲುಗಾರನ ಮೇಲೆ ಅಧಿಕಾರವಿರಲಿಲ್ಲ.

ಈ ಕೊರತೆಯನ್ನು ನೀಗಲು ಹೊರಟ ಯತ್ನಗಳಲ್ಲಿ ಓಪನ್‌ಐಪಿಸಿ ಒಂದು. ತಯಾರಕರ ತಂತ್ರಾಂಶವನ್ನು ಅಳಿಸಿ, ಆ ಸ್ಥಾನದಲ್ಲಿ ಲಿನಕ್ಸ್ ಆಧಾರಿತವಾದ ಬೇರೊಂದನ್ನು ಇರಿಸುವುದು ಇದರ ಕ್ರಮ. ಹೈಸಿಲಿಕಾನ್, ಸಿಗ್ಮಾಸ್ಟಾರ್, ಇಂಜೆನಿಕ್ ಮೊದಲಾದ ಚಿಪ್ಪುಗಳಿಗೆ ಇದು ಹೊಂದುತ್ತದೆ. ತಯಾರಕನು ಕೈಬಿಟ್ಟ ಹಳೆಯ ಕ್ಯಾಮೆರಾಕ್ಕೆ ಇದರಿಂದ ಮರುಜೀವ ಬರಬಹುದು; ಚಿತ್ರಗಳನ್ನು ಪರರ ಗಣಕಕ್ಕೆ ಕಳುಹಿಸದೆ ಮನೆಯಲ್ಲಿಯೇ ಉಳಿಸಿಕೊಳ್ಳಬಹುದು.

ಆದರೂ ಇದು ಸರ್ವರೋಗಕ್ಕೂ ಮದ್ದಲ್ಲ. ಚಿತ್ರವನ್ನು ಸಂಸ್ಕರಿಸುವ ಕೆಲವು ಭಾಗಗಳು ಇನ್ನೂ ಚಿಪ್ಪು ತಯಾರಕರ ಗುಟ್ಟಾಗಿಯೇ ಉಳಿದಿವೆ. ಚಿಪ್ಪಿಗೆ ಹೊಂದದ ತಂತ್ರಾಂಶವನ್ನು ತುಂಬಿದರೆ ಕ್ಯಾಮೆರಾ ನಿರುಪಯೋಗಿಯಾಗುವ ಸಂಭವವೂ ಉಂಟು.

ಭಾರತ ಸರಕಾರವು ಹಿಡಿದಿರುವ ಮಾರ್ಗ ಬೇರೆ. 2025ರ ಎಪ್ರಿಲ್‌ನಿಂದ ಕ್ಯಾಮೆರಾ ತಯಾರಕರು ತಮ್ಮ ಉಪಕರಣವನ್ನೂ ಮೂಲಸಂಕೇತವನ್ನೂ ಮಾನ್ಯ ಪ್ರಯೋಗಾಲಯದ ಪರೀಕ್ಷೆಗೆ ಒಪ್ಪಿಸಬೇಕಾಗಿದೆ. ಇಲ್ಲಿ ಪರಿಶೀಲಿಸುವವರು ನಿಯುಕ್ತ ಪರೀಕ್ಷಕರು. ಮುಕ್ತ ಪದ್ಧತಿಯಲ್ಲಿ, ಬಲ್ಲವರೆಲ್ಲರೂ. ಲೆಕ್ಕದ ಪುಸ್ತಕವನ್ನು ತೆರೆದಿಟ್ಟ ಮಾತ್ರಕ್ಕೆ ಲೆಕ್ಕ ಸರಿಯೆಂದಾಗದು. ಅದನ್ನು ಕುಳಿತು ಪರಿಶೋಧಿಸುವವರು ಬೇಕು. ಆದರೆ ಪುಸ್ತಕವೇ ತೆರೆಯದಿದ್ದಲ್ಲಿ ಪರಿಶೋಧನೆಯ ಮಾತೆಲ್ಲಿ ಬಂತು?