ಸಣ್ಣ ಕೆಲಸಕ್ಕೆ ಮೆಷಿನ್: ಬಾಡಿಗೆಗೆ ತರೋದಾ, ಸೆಕೆಂಡ್ ಹ್ಯಾಂಡ್ ಕೊಳ್ಳೋದಾ?

ಶಾರ್ಜಾದಲ್ಲಿ ಒಂದು ವಿಲ್ಲಾದ ಅಂಗಳಕ್ಕೆ ಇಂಟರ್‌ಲಾಕ್ ಹಾಕುವ ಕೆಲಸ ಸಿಕ್ಕಿದೆ ಅಂದ್ಕೊಳ್ಳಿ. ಮರಳು ಗಟ್ಟಿ ಮಾಡೋಕೆ ಪ್ಲೇಟ್ ಕಾಂಪ್ಯಾಕ್ಟರ್ ಬೇಕೇ ಬೇಕು. ಅಷ್ಟರಲ್ಲಿ ಪರಿಚಯದವರೊಬ್ಬರು "ಹಳೇ ಮೆಷಿನ್ ಇದೆ, ಚೀಪಲ್ಲಿ ಕೊಡ್ತೀನಿ" ಅಂತಾರೆ. ಊರಿಗೆ ಕಳಿಸಬೇಕಿದ್ದ ದುಡ್ಡನ್ನು ಅದಕ್ಕೆ ಹಾಕುವ ಮೊದಲು ಒಂದು ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು.

ಉದಾಹರಣೆಗೆ, ಹಳೇ ಮೆಷಿನ್ ಬೆಲೆ 2,400 ದಿರ್ಹಮ್. ವರ್ಷದ ನಂತರ ಮಾರಿದರೆ 1,400 ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಅಲ್ಲಿಗೆ 1,000 ಹೋಯಿತು. ಆಯಿಲ್, ಬೆಲ್ಟ್, ರಿಪೇರಿ 500. ಇಡೋಕೆ ಜಾಗದ ಬಾಡಿಗೆ 900. ಒಟ್ಟು ವರ್ಷದ ಖರ್ಚು 2,400. ಅದೇ ಮೆಷಿನ್ ದಿನಕ್ಕೆ 60 ದಿರ್ಹಮ್ ಬಾಡಿಗೆಗೆ ಸಿಕ್ಕಿದರೆ, 40 ದಿನಕ್ಕೆ ಎರಡೂ ಸಮ. ವರ್ಷದಲ್ಲಿ 40 ದಿನಕ್ಕಿಂತ ಕಡಿಮೆ ಬಳಸುವವರಿಗೆ ಬಾಡಿಗೆಯೇ ಲಾಭ. ಹೆಚ್ಚು ಬಳಸುವವರು ಕೊಳ್ಳಬಹುದು. ರೇಟ್ ಊರಿಂದೂರಿಗೆ ಬೇರೆ ಇರುತ್ತದೆ, ಆದರೆ ಲೆಕ್ಕದ ದಾರಿ ಒಂದೇ. "ಮುಂದೆ ಕೆಲಸ ಸಿಗಬಹುದು" ಅನ್ನೋ ದಿನಗಳನ್ನು ಇದರಲ್ಲಿ ಸೇರಿಸಬೇಡಿ, ಕೈಯಲ್ಲಿರುವ ಕೆಲಸವನ್ನಷ್ಟೇ ಎಣಿಸಿ.

ಬಾಡಿಗೆಗೆ ತರುವಾಗ ನಾಲ್ಕು ಮಾತು ಮೊದಲೇ ಕೇಳಿ. 5% ವ್ಯಾಟ್ ಸೇರಿದೆಯಾ? ಸಾಗಾಟ ಯಾರದು? ರಜೆ ದಿನಕ್ಕೂ ಬಾಡಿಗೆ ಬೀಳುತ್ತದಾ? ಮಧ್ಯೆ ಕೆಟ್ಟರೆ ಬೇರೆ ಮೆಷಿನ್ ಕೊಡ್ತಾರಾ? ಬೇಸಿಗೆಯಲ್ಲಿ ಇನ್ನೊಂದು ವಿಷಯವಿದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಎರಡೂವರೆ ಗಂಟೆ ಮೆಷಿನ್ ಸುಮ್ಮನೆ ನಿಂತರೂ ದಿನದ ಬಾಡಿಗೆ ಪೂರ್ತಿ ಕೊಡಬೇಕಾಗುತ್ತದೆ. ಕೊಟೇಶನ್ ಕೊಡುವಾಗಲೇ ಒಂದೆರಡು ದಿನ ಹೆಚ್ಚು ಹಿಡಿಯಿರಿ. ಮೆಷಿನ್ ತೆಗೆದುಕೊಳ್ಳುವಾಗ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಂಡರೆ, ವಾಪಸ್ ಕೊಡುವಾಗ "ಇದು ನೀವೇ ಒಡೆದಿದ್ದು" ಅನ್ನೋ ಜಗಳ ಇರುವುದಿಲ್ಲ.

ಹಳೇದು ಕೊಳ್ಳುವುದೇ ಆದರೆ, ಇಂಜಿನ್ ತಣ್ಣಗಿರುವಾಗ ಹೋಗಿ ನೀವೇ ಸ್ಟಾರ್ಟ್ ಮಾಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕಟ್ಟಿರುವುದೂ ಕಾರಣ ಇರಬಹುದು, ಇಲ್ಲಿನ ಧೂಳಿನಲ್ಲಿ ಅದು ಮಾಮೂಲಿ. ಕಾಂಪ್ಯಾಕ್ಟರ್ ಆದರೆ ರಬ್ಬರ್ ಮೌಂಟ್ ಸೀಳಿದೆಯಾ, ಪ್ಲೇಟಿಗೆ ಹೊಸದಾಗಿ ವೆಲ್ಡಿಂಗ್ ಆಗಿದೆಯಾ ನೋಡಿ. ಮಿಕ್ಸರ್ ಆದರೆ ಡ್ರಮ್ಮಿನೊಳಗೆ ಗಟ್ಟಿಯಾದ ಕಾಂಕ್ರೀಟ್ ಇದೆಯಾ ಗಮನಿಸಿ. ಸೀರಿಯಲ್ ನಂಬರ್ ಉಜ್ಜಿ ಹಾಕಿದ್ದರೆ, ಬಿಲ್ ಇಲ್ಲದಿದ್ದರೆ, ಎಷ್ಟೇ ಅಗ್ಗವಾದರೂ ಬೇಡ. ಕದ್ದ ಮಾಲಾಗಿದ್ದರೆ ಪೊಲೀಸ್ ಪ್ರಶ್ನೆ ಬರೋದು ನಿಮಗೆ.

ಪೆಟ್ರೋಲ್ ಮೆಷಿನನ್ನು ರೂಮಿನಲ್ಲೋ ಬಾಲ್ಕನಿಯಲ್ಲೋ ಇಡೋದು ಬೇಡ. ಒಂದು ಕಿಡಿ ಸಾಕು, ಹತ್ತು ಜನ ಮಲಗಿರುವ ಜಾಗ ಅದು. ಸ್ಕ್ಯಾಫೋಲ್ಡಿಂಗ್ ಮಾತ್ರ ಅಪರೂಪಕ್ಕೆ ಬೇಕಾದವರು ಬಾಡಿಗೆಗೇ ತರುವುದು ಒಳಿತು. ತುಕ್ಕು ಹಿಡಿದ ಪೈಪು, ಸವೆದ ಕ್ಲ್ಯಾಂಪು ಜೀವಕ್ಕೇ ಕುತ್ತು.

ಕೊನೆಗೆ, ಮೆಷಿನ್ ಸ್ವಂತ ಇದ್ದ ಮಾತ್ರಕ್ಕೆ ಸ್ವಂತ ಕೆಲಸ ಹಿಡಿಯೋಕೆ ಅನುಮತಿ ಸಿಕ್ಕಿತು ಎಂದಲ್ಲ. ಲೈಸೆನ್ಸ್, ಪರ್ಮಿಟ್ ಇಲ್ಲದೆ ಹೊರಗೆ ಕೆಲಸ ಮಾಡಿ ಸಿಕ್ಕಿಬಿದ್ದರೆ ದಂಡದ ಜೊತೆ ವೀಸಾಕ್ಕೂ ಸಂಚಕಾರ. ಆ ನಷ್ಟವನ್ನು ಯಾವ ಮೆಷಿನ್ನೂ ತುಂಬಿಕೊಡುವುದಿಲ್ಲ.