ವಿಷ ಅಳೆಯೋರಿಗೆ ಸಂಬಳ ಯಾರು ಕೊಡ್ತಾರೆ?

ಕೊಕ್ಕಡ ನಿಮಗೆ ನೆನಪಿರಬೇಕು. ಬೆಳ್ತಂಗಡಿ ತಾಲೂಕಿನ ಊರು. ಅದರ ಸುತ್ತಮುತ್ತಲಿನ ಸರ್ಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಒಂದೆರಡು ಸಲ ಅಲ್ಲ, ವರ್ಷಗಟ್ಟಲೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಲ್ಲಿಸಿತು. ಅಷ್ಟೊತ್ತಿಗೆ, ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿ ಕೂರಿಸ್ತಿದ್ದ ಅಮ್ಮಂದಿರಿಗೇ ವಯಸ್ಸಾಗಿತ್ತು.

ಅಲ್ಲಿತನಕ ಒಂದೇ ಮಾತು: ಸಾಬೀತು ಮಾಡಿ. ಮಾಡೋರು ಯಾರು ಸ್ವಾಮಿ? ಬಾವಿನೀರು, ಮಣ್ಣು, ರಕ್ತ ತಗೊಂಡು ಗ್ಯಾಸ್ ಕ್ರೊಮಟೊಗ್ರಾಫ್ ಅನ್ನೋ ಯಂತ್ರದಲ್ಲಿ ಅಳೆಯಬೇಕು. ಮಣ್ಣಿಗೆ ಬಿದ್ದ ಎಂಡೋಸಲ್ಫಾನ್ ನಿಧಾನಕ್ಕೆ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತೆ. ಅದೂ ವಿಷವೇ, ಇನ್ನೂ ಹೆಚ್ಚು ಕಾಲ ಉಳಿಯುತ್ತೆ. ಮೂಲವಸ್ತುವನ್ನಷ್ಟೇ ಹುಡುಕಿದರೆ ಏನೂ ಇಲ್ಲ ಅಂತ ರಿಪೋರ್ಟ್ ಬರಬಹುದು! ಜೊತೆಗೆ ಯಾರು ಎಷ್ಟು ನೀರು ಕುಡಿದರು, ಎಷ್ಟು ವರ್ಷ ಕುಡಿದರು ಅನ್ನೋ ಲೆಕ್ಕವೂ ಬೇಕು. ಇದನ್ನೆಲ್ಲ ಕಲಿಯೋಕೆ ಐದಾರು ವರ್ಷ ಹಿಡಿಯುತ್ತೆ. ಪಿಎಚ್‌ಡಿ ಅಂದ್ರೆ ಅದೇ.

ಕೇಂದ್ರದ ಜೆಆರ್‌ಎಫ್ ತಿಂಗಳಿಗೆ 31,000 ರೂಪಾಯಿ ಇತ್ತು. 2023ರ ಜನವರಿಯಿಂದ 37,000, ಎರಡು ವರ್ಷದ ನಂತರ 42,000. ಏರಿಸಿದ್ದು ಒಳ್ಳೇದೇ. ಆದರೆ ಅದು ಹೊಟ್ಟೆಪಾಡಿಗೆ. ಹಳ್ಳಿ ಹಳ್ಳಿ ತಿರುಗಿ ಸ್ಯಾಂಪಲ್ ತರೋದಕ್ಕೆ, ಯಂತ್ರ ಓಡಿಸೋದಕ್ಕೆ ಹಣ ಬೇರೆಯೇ ಬೇಕಲ್ವಾ?

ಯುರೋಪಿನಲ್ಲಿ 2007ರಿಂದ ರೀಚ್ ಅನ್ನೋ ಕಾನೂನಿದೆ. ರಾಸಾಯನಿಕದ ಅಪಾಯದ ಮಾಹಿತಿ ಒದಗಿಸೋ ಹೊಣೆ ಅದನ್ನು ತಯಾರಿಸೋ, ಆಮದು ಮಾಡೋ ಕಂಪನಿಯದ್ದು. ನನ್ನ ಕೇಳಿದರೆ, ಇಲ್ಲಿ ಕೀಟನಾಶಕ ಮಾರೋರ ಲಾಭದಲ್ಲೂ ಒಂದು ಪಾಲು ಈ ಹುಡುಗ ಹುಡುಗಿಯರ ಲ್ಯಾಬಿಗೆ ಹೋಗಬೇಕು. ಬಜೆಟ್ ಬರ್ತಿದೆ, ಈ ಸಲ ಆ ಸಾಲನ್ನೇ ಹುಡುಕ್ತೀನಿ.